ಹಾಲೆ ಮರದ ಬುಷ್

ಹೋದ ತಿಂಗಳು ಚನ್ನಪಟ್ಟಣದ ಅಂಚೆ ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಮಗಳ ಕಾಲೇಜಿಗೆ ಕಳಿಸಬೇಕಾದ ಕಾಗದಗಳು ಕೈಯಲ್ಲಿದ್ದವು. ನನ್ನ ಮುಂದಿದ್ದ ಅಜ್ಜಿಯೊಬ್ಬರು ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ಲೊಂದನ್ನು ತಂದಿದ್ದರು. ಅದನ್ನು ವಿಮೆ ಮಾಡಿಸಿಯೇ ಕಳಿಸಬೇಕೆಂದು ಅವರ ಹಟ. ಗುಮಾಸ್ತ ಗೊಣಗಿಕೊಂಡೇ ಮೇಣದ ಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿ ಕಾಯಿಸಿ, ಹೊಲಿಗೆಯ ಮೇಲೆ ತೊಟ್ಟಿಕ್ಕಿಸಿ ಮುದ್ರೆ ಒತ್ತಿದ. ಈ ಕಾಲದಲ್ಲೂ ಅರಗು ಹಚ್ಚುತ್ತಾರಲ್ಲ ಎಂದು ನಗು ಬರುವಷ್ಟರಲ್ಲಿ ವಾಸನೆ ನನ್ನ ಮೂಗಿಗೆ ಬಂತು. ಸಾಲು ಬಿಟ್ಟು ಹೊರಗೆ ಬಂದೆ. ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ... ಕಾಗದ ಕಳಿಸದೆಯೇ ಮನೆಗೆ ಹೋದೆ.

ಅರಗಿನ ವಾಸನೆ ಎಂದರೆ ನನಗೆ ಚಾಚಾ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅದರಾಚೆ ಬೆಳಿಗ್ಗೆ ಎಂಟಕ್ಕೆ ಬೊಂಬೆ ಕಡೆಯುವ ಯಂತ್ರ ಗುಂಯ್‌ಗುಡಲು ಶುರುವಾದರೆ ಮಧ್ಯಾಹ್ನದ ನಮಾಜಿನವರೆಗೂ ನಿಲ್ಲುತ್ತಿರಲಿಲ್ಲ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೂರುತ್ತಿತ್ತು. ಮೇಲೆ ತಾಳೆ ಗರಿ ಒತ್ತಿದರೆ ಮುಖ ನೋಡಿಕೊಳ್ಳುವಷ್ಟು ಹೊಳಪು. ಐವತ್ತು ದಾಟಿದ ಸಣಕಲು ಮನುಷ್ಯ. ಅವರ ಅಂಗಿ, ಗಡ್ಡ, ಬೆರಳು, ಅವರು ಕೊಟ್ಟ ಚಹಾದ ಲೋಟ, ಎಲ್ಲಕ್ಕೂ ಅದೇ ವಾಸನೆ. ಅದು ಗೊತ್ತಾಗದೇ ಇದ್ದದ್ದು ಅವರೊಬ್ಬರಿಗೆ ಮಾತ್ರ. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಮ್ಮಕ್ಕ ಕಣ್ಣಿಗೆ ಬಟ್ಟೆ ಕಟ್ಟಿದ್ದರೂ "ಚಾಚಾ ಬಂದ್ರು" ಎಂದು ಕೂಗಿಬಿಡುತ್ತಿದ್ದಳು.

ನಾನು ಹೇಳುತ್ತಿರುವುದು ಬಿಡದಿಯ ಸುತ್ತ ಹೊಲ ಗದ್ದೆಗಳಿಗೆ ತಂತಿ ಬೇಲಿ ಬಿದ್ದು, ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ವರ್ಷಗಳ ಮಾತು. ಅಂಗಡಿಗಳಿಗೆ ಹೊರದೇಶದ ಪ್ಲಾಸ್ಟಿಕ್ ಆಟಿಕೆ ಬಂದು ಚಾಚಾನ ಗಿಲಕಿ, ಬುಗುರಿಗಳನ್ನು ಕೇಳುವವರು ಕಡಿಮೆಯಾಗಿದ್ದರು. ಆದರೆ ಅದೇ ಹೊತ್ತಿಗೆ ಅವರಿಗೆ ಬಿಡದಿಯ ಒಂದು ಎರಕದ ಶೆಡ್ಡಿನಿಂದ ಕೆಲಸ ಬರತೊಡಗಿತು. ಎರಕ ಹೊಯ್ಯುವವರಿಗೆ ಮೊದಲು ಮರದಲ್ಲಿ ಅದೇ ಅಳತೆಯ ಮಾದರಿ ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಆದ ಗುಳಿಗೆ ಕರಗಿದ ಅಲ್ಯುಮಿನಿಯಂ ಸುರಿಯುತ್ತಾರೆ. ಚಾಚಾ ಮಾಡಿದ ಮಾದರಿ ಮರಳಿನಿಂದ ಬೆಣ್ಣೆಯ ಹಾಗೆ ಬಿಟ್ಟುಕೊಳ್ಳುತ್ತದೆ ಎಂದು ಶೆಡ್ಡಿನ ಯಜಮಾನರು ಎಲ್ಲರೆದುರೂ ಹೊಗಳುತ್ತಿದ್ದರು. ಬೊಂಬೆಗಳ ಜೊತೆ ಬೆರೆಯಬಾರದೆಂದು ಚಾಚಾ ಮಾದರಿಗಳಿಗೆಲ್ಲ ಬೂದು ಅರಗನ್ನೇ ಹಚ್ಚುತ್ತಿದ್ದರು. ದೂರದಿಂದ ನೋಡಿದರೆ ಲೋಹವೇ. ತಮ್ಮ ಹಳೆಯ ಲಗೇಜ್ ಆಟೋದಲ್ಲಿ ಅವನ್ನು ತಾವೇ ಒಯ್ದು ಕೊಡುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿತ್ತು. ಎರಕ ಮುಗಿದ ಮೇಲೆ ಮಾದರಿ ಅವರ ಕೈಗೆ ಮರಳಬೇಕು. ಹಾಗೆ ಬಂದದ್ದನ್ನು ಯಂತ್ರದ ಮೇಲೆ ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಗೆ ಪೋಣಿಸುತ್ತಿದ್ದರು. ಜೋಡಿಯಾದರೆ ಜೋಡಿಯಾಗಿಯೇ. ಮರದ್ದು ಮರದವನ ಹತ್ತಿರ ಇರಬೇಕು, ಲೋಹದವರ ನಡುವೆ ಉಳಿದರೆ ಯಾವತ್ತಾದರೂ ಯಾರಾದರೂ ಲೋಹವೆಂದುಕೊಳ್ಳುತ್ತಾರೆ ಎನ್ನುತ್ತಿದ್ದರು. ನನಗೆ ಆಗ ಅದು ಮುದುಕರ ಮಡಿ ಎನಿಸುತ್ತಿತ್ತು.

ನಾನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಮೇಲೆ ಸೇರಿದ್ದೆ. ಅಳತೆ ನೋಡುವ ವಿಭಾಗ. ಹೊರಗಿನ ಶೆಡ್ಡುಗಳಿಂದ ಬಂದ ಬಿಡಿ ಭಾಗಗಳನ್ನು ಗೇಜಿನಲ್ಲಿ ಹಿಡಿದು, ಸರಿಯಿದ್ದರೆ ಓಕೆ ಮುದ್ರೆ ಹಾಕುವುದು, ಇಲ್ಲದಿದ್ದರೆ ವಾಪಸು ಕಳಿಸುವುದು. ಚಾಚಾ ಮಾದರಿ ಮಾಡಿಕೊಡುತ್ತಿದ್ದ ಶೆಡ್ಡಿನ ಮಾಲೂ ನನ್ನ ಮೇಜಿಗೇ ಬರುತ್ತಿತ್ತು. ಕೂದಲೆಳೆಯಷ್ಟು ಹೆಚ್ಚಿದ್ದರೂ ಬಿಡುವವನಲ್ಲ ಎಂದು ನನ್ನ ಹೆಸರು ಹಬ್ಬಿತ್ತು. ಖಾಯಂ ಆಗುವವರ ಪಟ್ಟಿಯಲ್ಲಿ ನಾನೂ ಇದ್ದೇನೆಂದು ಸೂಪರ್‌ವೈಸರು ಹೇಳಿದ್ದರು. ಈಗ ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತಿದೆ.

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಬೈಕು ನನ್ನ ಪಾಲಿಗೆ ಬಂದಿತ್ತು. ಬೈರಾಪಟ್ಟಣದ ಹೊಲಕ್ಕೂ ಮನೆಗೂ ಓಡಾಡಿದ ಗಾಡಿ. ಎಂಜಿನ್ನು ಗಟ್ಟಿ, ಬ್ರೇಕು ಮಾತ್ರ ದೇವರ ಮೇಲೆ ಭಾರ. ಮೈಸೂರು ರಸ್ತೆಯನ್ನು ಆಗ ಅಗಲ ಮಾಡುತ್ತಿದ್ದರು. ಎಲ್ಲೆಂದರಲ್ಲಿ ಜಲ್ಲಿಯ ಗುಡ್ಡೆ, ಎದುರಿಗೆ ಲಾರಿ, ಹಿಂದೆ ಬಸ್ಸು. ಎರಡು ಸಲ ಲಾರಿಯ ಬಾಲಕ್ಕೆ ಮುತ್ತಿಡುವುದು ತಪ್ಪಿದ ಮೇಲೆ ಹಠ ಹಿಡಿದೆ, ಈ ಗಾಡಿಗೆ ಹೊಸ ಬೈಕುಗಳ ಡಿಸ್ಕ್ ಬ್ರೇಕು ಹಾಕಿಸಲೇಬೇಕೆಂದು. ರಾಮನಗರದ ಗುಜರಿ ಅಂಗಡಿಗಳನ್ನು ತಿಂಗಳುಗಟ್ಟಲೆ ಸುತ್ತಿದೆ. ಬಿದ್ದು ಜಖಂ ಆದ ಒಂದು ಹೊಸ ಬೈಕಿನ ಮುಂದಿನ ಫೋರ್ಕು ಸಿಕ್ಕಿತು. ಅದರ ಚಕ್ರ ಸೊಟ್ಟಗಾಗಿತ್ತು. ಚಕ್ರ ಮತ್ತು ಡಿಸ್ಕು ಇನ್ನೊಂದು ಗಾಡಿಯದು ಸಿಕ್ಕವು. ಎರಡನ್ನೂ ಅಪ್ಪನ ಬೈಕಿಗೆ ಕೂರಿಸಿ ನೋಡಿದರೆ ಫೋರ್ಕಿನ ಎರಡು ಕಾಲಿನ ನಡುವೆ ಚಕ್ರ ಸಡಿಲವಾಗಿ ಅತ್ತಿತ್ತ ಆಡುತ್ತಿತ್ತು. ಎರಡೂ ಪಕ್ಕ ಹೆಬ್ಬೆರಳ ದಪ್ಪದ ಸಂದು. ಆ ಸಂದು ತುಂಬಲು, ಆಕ್ಸಲ್ ಒಳಗೆ ಹಾದುಹೋಗುವ ಹಾಗೆ, ಲೋಹದ ಎರಡು ಬಳೆ ಬೇಕು. ಅದಕ್ಕೆ ಬುಷ್ ಎನ್ನುತ್ತಾರೆ. ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ, ಏಕೆಂದರೆ ಅಂಥ ಗಾಡಿಯೇ ಲೋಕದಲ್ಲಿಲ್ಲ.

ಚಾಚಾ ಕಣ್ಣಳತೆಯಲ್ಲೇ ಸಂದು ನೋಡಿದರು. ಆಮೇಲೆ ಒಂದು ತಾಳೆ ಗರಿಯ ಚೂರನ್ನು ಒಳಗಿಟ್ಟು ಉಗುರಿನಿಂದ ಗುರುತು ಮಾಡಿಕೊಂಡರು. ಒಂದು ಗಂಟೆಯಲ್ಲಿ ಹಾಲೆ ಮರದ ಎರಡು ಬುಷ್ ತಯಾರು. ಬೂದು ಅರಗು, ಹೊಳಪು, ಎಲ್ಲ. ಸಂದಿಗೆ ತೂರಿಸಿದರೆ ಚಕ್ ಎಂದು ಕೂತವು. ಆಕ್ಸಲ್ ತೂರಿಸಿ ಚಕ್ರ ತಿರುಗಿಸಿದರೆ ಡಿಸ್ಕು ಎಲ್ಲೂ ಸವರಲಿಲ್ಲ.

"ಇದು ಅಳತೆಗೆ ಮಾತ್ರ ಮಗ. ಇದರ ಮೇಲೆ ಒಂದ್ ಮಾರು ದೂರಾನೂ ಓಡಿಸ್ಬೇಡ. ಲೋಹದ್ದು ಬಂದ್ಮೇಲೆ ಎರಡೂ ನನ್ ಕೈಗೆ ಬರ್ಬೇಕು," ಎಂದರು.

ಶೆಡ್ಡಿನವರು ಚಾಚಾನ ಮುಖ ನೋಡಿ ಆ ಮಾದರಿಯಿಂದ ಎರಡು ಲೋಹದ ಬುಷ್ ಎರಕ ಹೊಯ್ದು, ಕಡೆದು, ಮಾದರಿಯ ಜೊತೆಗೇ ಕಳಿಸಿಕೊಟ್ಟರು. ಭಾನುವಾರ ಮಧ್ಯಾಹ್ನ ನಾನೂ ಚಾಚಾನೂ ಮನೆಯ ಮುಂದೆ ಚಾಪೆ ಹಾಸಿಕೊಂಡು ಕೂತೆವು. ಫೋರ್ಕು ಬಾಗದಿರಲೆಂದು ಮೊದಲು ಎರಡೂ ಮರದ ಬುಷ್ ಹಾಕಿ ನಿಲ್ಲಿಸಿ, ಒಂದೊಂದೇ ಬದಲಾಯಿಸುವುದು ಎಂದು ಚಾಚಾ ಹೇಳಿದರು. ಎಡಗಡೆಯದು ಅವರ ಕಣ್ಣೆದುರೇ ಬದಲಾಯಿತು. ಮರದ ಬುಷ್ ಅವರ ಅಂಗಿಯ ಜೇಬಿಗೆ ಹೋಯಿತು. ಅಷ್ಟರಲ್ಲಿ ಅಸರ್ ನಮಾಜಿನ ಕರೆ ಕೇಳಿತು. "ಆ ಕಡೇದು ನೀನೇ ಮಾಡು, ಬತ್ತೀನಿ," ಎಂದು ಕೈ ತೊಳೆಯಲು ಎದ್ದರು.

ಬಲಗಡೆ, ಡಿಸ್ಕಿನ ಪಕ್ಕದ್ದು, ನಾನೊಬ್ಬನೇ ಮಾಡತೊಡಗಿದೆ. ಲೋಹದ ಬುಷ್ ಒಳಗೆ ಹೋಗಲೊಲ್ಲದು. ತಳ್ಳಿದೆ, ತಿರುವಿದೆ, ಮರದ ಸುತ್ತಿಗೆಯಲ್ಲಿ ತಟ್ಟಿದೆ. ಅರ್ಧ ಮಿಲಿಮೀಟರ್ ಹೆಚ್ಚಿತ್ತು. ಅರ ತೆಗೆದುಕೊಂಡು ಸಮವಾಗಿ ಉಜ್ಜಿದರೆ ಅರ್ಧ ಗಂಟೆಯ ಕೆಲಸ. ನನಗೆ ಮಧ್ಯಾಹ್ನದಿಂದ ಕೂತು ಸೊಂಟ ಹಿಡಿದಿತ್ತು, ಮಾರನೆಯ ದಿನ ಮೊದಲ ಶಿಫ್ಟು, ಗಾಡಿ ಓಡಿಸಿ ನೋಡುವ ಆಸೆ ಕೈ ಕಡಿಯುತ್ತಿತ್ತು. ಮರದ ಬುಷ್ ಕೂತಿದ್ದ ಜಾಗದಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತು! ಒಂದು ವಾರ ತಾನೇ, ಮುಂದಿನ ಭಾನುವಾರ ಉಜ್ಜಿ ಹಾಕಿದರಾಯಿತು ಎಂದುಕೊಂಡೆ. ಮರದ್ದನ್ನೇ ಮತ್ತೆ ಕೂರಿಸಿ, ಲೋಹದ್ದನ್ನು ಜೇಬಿಗೆ ಹಾಕಿಕೊಂಡು ನಟ್ಟು ಬಿಗಿದೆ. ಬಿಗಿಯುವಾಗ ಮರ ಸಣ್ಣಗೆ ಕಿರ್ ಎಂದದ್ದು ನನಗೆ ಕೇಳಿಸಿತು. ಕೇಳಿಸಿತು ಎಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಚಾಚಾ ಮರಳಿ ಬಂದರು. "ಆಯ್ತಾ ಮಗ?"

"ಆಯ್ತು ಚಾಚಾ."

ಕೈ ಚಾಚಿದರು. "ಮರದ್ದೆಲ್ಲಿ?"

ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಬೈದು, ಅರ ತಂದು, ತಾವೇ ಉಜ್ಜಿ ಕೊಡುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ನಾನು, "ಉರುಳ್ಕೊಂಡೋಯ್ತು ಚಾಚಾ... ಚರಂಡಿಗೆ ಬಿತ್ತೇನೋ," ಎಂದೆ.

ಅವರು ಒಂದು ಕಡ್ಡಿ ತಂದರು. ನಮಾಜಿಗೆಂದು ಉಟ್ಟಿದ್ದ ಬಿಳಿ ಬಟ್ಟೆಯಲ್ಲೇ ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಸರು ಕೆದಕತೊಡಗಿದರು. ನಮ್ಮ ಮನೆಯಿಂದ ಮೂಲೆಯ ನಲ್ಲಿಯವರೆಗೂ ಕೆದಕಿಕೊಂಡು ಹೋದರು. ಹೋಗಲಿ ಬಿಡಿ ಚಾಚಾ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆ. ಕೊನೆಗೆ ಕೈ ತೊಳೆದುಕೊಂಡು, ಒಂದೇ ಬುಷ್ಷನ್ನು ತಂತಿಗೆ ಪೋಣಿಸಿದರು. ಅದರ ಪಕ್ಕ ಒಂದು ಬೆರಳಿನಷ್ಟು ಜಾಗ ಬಿಟ್ಟು ಮುಂದಿನ ಜೋಡಿಯನ್ನು ಸರಿಸಿದರು.

ಸಂಜೆ ಅವರನ್ನು ಹಿಂದೆ ಕೂರಿಸಿಕೊಂಡು ರಾಮನಗರದ ದಾರಿಯಲ್ಲಿ ಹೋದೆ. ಗಾಡಿ ಎಂದರೆ ಗಾಡಿ. ಎರಡು ಬೆರಳಲ್ಲಿ ಬ್ರೇಕು ಮುಟ್ಟಿದರೆ ನಿಂತಲ್ಲೇ ನಿಲ್ಲುತ್ತಿತ್ತು. ಚಾಚಾ ಹಿಂದಿನಿಂದ ಮಕ್ಕಳ ಹಾಗೆ ನಗುತ್ತಿದ್ದರು. ವಾಪಸು ಬರುವಾಗ ಒಂದು ಸಲ ಜೋರಾಗಿ ಬ್ರೇಕು ಹಾಕಬೇಕಾಯಿತು. ಬಿಸಿ ಅರಗಿನ ವಾಸನೆ ಬಂತು. ಹಿಂದೆ ಚಾಚಾ ಕೂತಿದ್ದಾರಲ್ಲ, ಅವರ ಅಂಗಿಯದೇ ಇರಬೇಕು ಎಂದುಕೊಂಡೆ. ಅವರ ಮೂಗಿಗಂತೂ ಅದು ತಟ್ಟುವಂತಿರಲಿಲ್ಲ. ಹೀಗೆ ಗಾಡಿ ಹೇಳಿದ ಮೊದಲ ಮಾತು ಇಬ್ಬರಿಗೂ ಕೇಳದೇ ಹೋಯಿತು.

ಸೋಮವಾರ, ಮಂಗಳವಾರ ಕೆಲಸಕ್ಕೆ ಅದರಲ್ಲೇ ಹೋದೆ. ಒಬ್ಬನೇ ಇದ್ದೆ, ಆದರೂ ವಾಸನೆ ಬಂತು. ಅದು ಚಾಚಾನ ಅಂಗಿಯದಲ್ಲ, ಚಕ್ರದ್ದು ಎಂದು ಆಗ ಹೊಳೆಯಿತು. ಬುಧವಾರ ಮುಂದಿನ ಚಕ್ರದಿಂದ ಟಿಕ್ ಟಿಕ್ ಸದ್ದು. ಫ್ಯಾಕ್ಟರಿಯಲ್ಲಿ ಗೇಜು ಹಿಡಿದು ಕೂತರೆ ಕಿವಿಯಲ್ಲಿ ಅದೇ ಸದ್ದು. ಮನೆಯವರೆಗೂ ಇಪ್ಪತ್ತರ ವೇಗದಲ್ಲಿ ಬಂದೆ. ಗುರುವಾರ ಬೆಳಿಗ್ಗೆ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ, ಇವತ್ತು ಬಸ್ಸಲ್ಲಿ ಹೋಗುತ್ತೇನೆಂದು ಅಮ್ಮನಿಗೆ ಹೇಳಿದೆ. ಯಾಕೆಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಬಂದರೆ ಜಗಲಿಯ ಪಕ್ಕ ಗಾಡಿ ಇಲ್ಲ.

"ನಿಮ್ ಭಾವ ಬಂದಿದ್ರು ಕಣಪ್ಪ," ಎಂದಳು ಅಮ್ಮ. "ಅಕ್ಕನ್ನೂ ಮಗೂನೂ ಕೂರಿಸ್ಕಂಡು ಕುದೂರಿಗೆ ಹೊಂಟೋದ್ರು. ಹೊಸ ಬ್ರೇಕು ನೋಡಿ ಬಲೇ ಖುಷಿ ಅವರ್ಗೆ. ಭಾನ್ವಾರ ತಂದ್ ಬುಡ್ತೀನಿ ಅಂದ್ರು."

ಮಾಗಡಿಯಾಚೆಯ ಕುದೂರು ಅಕ್ಕನ ಗಂಡನ ಮನೆ. ಅವಳು ಹದಿನೈದು ದಿನಕ್ಕೆಂದು ತವರಿಗೆ ಬಂದಿದ್ದಳು. ಮಗುವಿಗೆ ಒಂದೂವರೆ ವರ್ಷ. ಭಾವನ ಹತ್ತಿರ ಮೊಬೈಲು ಇರಲಿಲ್ಲ. ಬಸ್ಸು ಹಿಡಿದರೆ ಯಾವ ಕಾಲಕ್ಕೆ ತಲುಪುವುದು? ಗೋಡೆಯಾಚೆ ಯಂತ್ರದ ಸದ್ದು ಕೇಳುತ್ತಿತ್ತು. ಓಡಿದೆ. "ಚಾಚಾ, ಆಟೋ ತೆಗೀರಿ," ಎಂದೆ. ಅವರು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ತಲೆ ಎತ್ತಿ ತಂತಿಯಲ್ಲಿ ಬಿಟ್ಟಿದ್ದ ಆ ಜಾಗ ನೋಡಿದರು.

"ಒಳಗೇ ಐತಾ?"

ತಲೆಯಾಡಿಸಿದೆ.

"ಗಾಡೀಲಿ ಯಾರವ್ರೆ?"

ಹೇಳಿದೆ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಆ ಒಂದೂವರೆ ಗಂಟೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ...

ಲಗೇಜ್ ಆಟೋ ಎಷ್ಟು ಓಡೀತು? ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗುವಷ್ಟರಲ್ಲಿ ನನಗೆ ಯುಗ ಕಳೆದ ಹಾಗಾಗಿತ್ತು. ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚುತ್ತಿದ್ದೆ, ತಿರುವು ದಾಟಿದ ಮೇಲೆ ತೆರೆಯುತ್ತಿದ್ದೆ. ರಸ್ತೆಯಲ್ಲಿ ಜನ ಗುಂಪುಗೂಡಿದ್ದು ಕಂಡರೆ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಒಂದು ಕಡೆ ರೇಷ್ಮೆಗೂಡಿನ ಚೀಲ ಇಳಿಸುತ್ತಿದ್ದರು, ಇನ್ನೊಂದು ಕಡೆ ಬಸ್ಸು ಕೆಟ್ಟಿತ್ತು. ಚಹಾ ಅಂಗಡಿಯೊಂದರ ಮುಂದೆ ಆಟೋ ನಿಧಾನ ಮಾಡಿ ಚಾಚಾ ಕೇಳಿದರು. ಹಳೇ ಬೈಕು, ಹೊಸ ಚಕ್ರ, ಹಿಂದೆ ಹೆಂಗಸು ಮಗು, ಹೋಗಿ ಅರ್ಧ ಗಂಟೆಯಾಯಿತು ಎಂದ ಅಂಗಡಿಯವನು. ಚಾಚಾ ತುಟಿ ಅಲ್ಲಾಡಿಸುತ್ತಲೇ ಇದ್ದರು. ಪ್ರಾರ್ಥನೆ ಇದ್ದಿರಬೇಕು. ನಾನು ಸಾವನದುರ್ಗದ ಸ್ವಾಮಿಗೆ ಏನೇನು ಹರಕೆ ಹೊತ್ತುಕೊಂಡೆನೋ ನೆನಪಿಲ್ಲ.

ಸಾವನದುರ್ಗಕ್ಕೆ ತಿರುಗುವ ಕಡೆ, ಹುಣಸೆ ಮರದ ಕೆಳಗೆ, ಅಕ್ಕ ಕೂತಿದ್ದಳು. ಮಗು ಅವಳ ತೊಡೆಯ ಮೇಲೆ ಬಿಸ್ಕತ್ತು ತಿನ್ನುತ್ತಿತ್ತು. ನಾನು ಆಟೋ ನಿಲ್ಲುವ ಮೊದಲೇ ಧುಮುಕಿದೆ.

"ಲೋ, ನೀನ್ ಹೆಂಗೋ ಬಂದೆ ಇಲ್ಲಿಗೆ?"

"ಭಾವ ಎಲ್ಲಕ್ಕ?"

"ಒಸಿ ಹೊತ್ತು ಇಲ್ಲೇ ಕೂತಿದ್ದು ಈಗ್ಲೇ ಮಾಗಡಿಗೆ ಹೋದ್ರು, ಮೆಕಾನಿಕ್‌ಗೆ ಗಾಡಿ ತೋರಿಸ್ತೀನಿ ಅಂತ. ಬತ್ತಾ ಬತ್ತಾ ಚಾಚಾ ನಮ್ ಜೊತೆಗೇ ಕೂತವ್ರೇನೋ ಅನ್ನಂಗೆ ವಾಸ್ನೆ ಕಣೋ. ಮೊದ್ಲು ನಗು ಬಂತು. ಆಮೇಲೆ ಯಾಕೋ ಹೆದ್ರಿಕೆ ಆಯ್ತು. ಬಸ್ಸಲ್ಲಿ ಬತ್ತೀನಿ ಅಂತ ಇಳ್ಕಂಬುಟ್ಟೆ." ಆಮೇಲೆ ನನ್ನ ಹಿಂದೆ ನಿಂತಿದ್ದ ಚಾಚಾನನ್ನು ನೋಡಿ ಅವಳ ನಗು ಮಾಸಿತು. ಇಬ್ಬರ ಮುಖವನ್ನೂ ನೋಡಿ ಅವಳಿಗೆ ಏನೋ ಹೊಳೆದಿರಬೇಕು. ಎದ್ದು ಮಗುವನ್ನು ಸೊಂಟಕ್ಕೇರಿಸಿಕೊಂಡು ಆಟೋ ಹತ್ತಿದಳು.

ಎರಡು ತಿರುವಿನಾಚೆ, ಇಳಿಜಾರಿನ ಕೆಳಗೆ, ಗುಂಪಿತ್ತು. ಈ ಸಲ ಅದು ಚೀಲ ಇಳಿಸುವ ಗುಂಪಲ್ಲ.

ಭಾವ ರಸ್ತೆಯ ಪಕ್ಕ ಬಿದ್ದಿದ್ದರು. ಪ್ರಜ್ಞೆ ಇತ್ತು. ಬಲಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕು ಹಾಕಿದರಂತೆ, ಮುಂದಿನ ಚಕ್ರ ಅಡ್ಡಡ್ಡ ಒದರಿ ಹಿಡಿದುಕೊಂಡಿತಂತೆ. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅಕ್ಕನ ಅಳು, ಮಗುವಿನ ಅಳು. ಲುಂಗಿ ಎತ್ತಿ ಕಟ್ಟಿದ ಒಬ್ಬಾತ ಚಕ್ರದ ಬಳಿ ಕೂತು ಆಕ್ಸಲಿನ ಸುತ್ತ ನಜ್ಜಾಗಿದ್ದ ಬೂದು ಬಣ್ಣದ ಬಳೆಯೊಂದನ್ನು ಕಿತ್ತು ಎತ್ತಿ ಹಿಡಿದ.

"ಏನ್ಲಾ ಇದು... ಮರ ಕಣ್ಲಾ! ಬೊಂಬೆ ಮರ! ಯಾವನ್ಲಾ ಇದನ್ನ ಗಾಡಿಗೆ ಹಾಕಿರೋನು?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಮಾತು ಹೊರಡುವ ಮೊದಲು ಚಾಚಾ ಗುಂಪಿನ ನಡುವೆ ಬಂದು ನಿಂತಿದ್ದರು.

"ನಾನೇ ಕಣಪ್ಪ. ನನ್ ಕೈ ಕೆಲಸ. ತಪ್ಪು ನಂದೇ."

ಯಾರೋ ಅವರ ಅಂಗಿಯ ಕೊರಳಪಟ್ಟಿ ಹಿಡಿದರು. ಇನ್ಯಾರೋ ಕೆನ್ನೆಗೆ ಹೊಡೆದ ಸದ್ದು ಕೇಳಿಸಿತು. ಟೋಪಿ ಕೆಳಗೆ ಬಿತ್ತು. ಬಾಯಿ ತೆರೆದಿದ್ದ ನಾನು ಅದನ್ನು ಮುಚ್ಚಿಕೊಂಡೆ. ಅದೂ ನಿಜವೇ. ಭಾವ ನನ್ನ ತೊಡೆಯ ಮೇಲೆ ನರಳುತ್ತಾ, "ಬುಡ್ರಪ್ಪ, ವಯಸ್ಸಾದೋರು," ಎಂದರು. ಕಾಲು ಮುರಿದವರಿಗಿದ್ದ ಧೈರ್ಯ ನನಗಿರಲಿಲ್ಲ. ಲುಂಗಿಯಾತ ಎಸೆದ ಮರದ ಬಳೆ ನನ್ನ ಕಾಲಬಳಿ ಬಂದು ಬಿತ್ತು. ಅದನ್ನು ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಇನ್ನೂ ಬಿಸಿಯಿತ್ತು.

ಅದೇ ಲಗೇಜ್ ಆಟೋದಲ್ಲಿ ಭಾವನನ್ನು ಮಾಗಡಿಯ ಆಸ್ಪತ್ರೆಗೆ ಸಾಗಿಸಿದೆವು. ಅಕ್ಕ ಭಾವನ ಜೊತೆ ಉಳಿದಳು. ಅವರ ಮನೆಯವರು ಕುದೂರಿನಿಂದ ಬಂದು ಚಾಚಾನಿಗೆ ಅನ್ನಬಾರದ್ದನ್ನೆಲ್ಲ ಅಂದರು. ಅವರು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ವಾಪಸು ಬರುವ ದಾರಿಯಲ್ಲಿ ರಾಮನಗರ ದಾಟಿದೆವು. ಆಮೇಲೆ ಅವರೇ ಹೇಳಿದರು.

"ನಿಮ್ಮಕ್ಕ ಆ ಮನೇಲಿ ಬಾಳ್ಬೇಕು. ನಿನ್ ಹೆಸ್ರು ಬಂದ್ರೆ ಅವಳು ಜೀವ ಇರೋಗಂಟ ಕೇಳ್ಬೇಕಾಯ್ತದೆ. ಅವರಿಗೆ ನಾನ್ಯಾರು? ಬೈದು ಸುಮ್ನಾಯ್ತಾರೆ." ಗೇರು ಬದಲಾಯಿಸಿ, "ಶೆಡ್ನೋರಿಗೆ ಮಾತ್ರ ನಿಜ ಹೇಳ್ಬುಡು ಮಗ. ಅವರಿಗೆ ಕೆಲಸ ಗೊತ್ತೈತೆ, ಅರ್ಥ ಆಯ್ತದೆ. ನಂಗೀಗ ಇರೋದು ಅದೊಂದೇ," ಎಂದರು.

ಹೇಳುತ್ತೇನೆ ಚಾಚಾ ಎಂದೆ.

ಸುದ್ದಿ ನಮಗಿಂತ ಮುಂಚೆಯೇ ಬಿಡದಿ ಮುಟ್ಟಿತ್ತು. ಬೈಕಿನ ಚಕ್ರಕ್ಕೆ ಬೊಂಬೆ ಮರ ಹಾಕಿದ ಮುದುಕ ಎಂದು ನಮ್ಮ ಕ್ಯಾಂಟೀನಿನಲ್ಲೇ ನಕ್ಕರು. ನಾನು ಶೆಡ್ಡಿನ ಗೇಟಿನವರೆಗೆ ಮೂರು ಸಲ ಹೋದೆ. ಮೂರು ಸಲವೂ ಅಲ್ಲಿ ನಿಂತು ಒಂದೇ ಲೆಕ್ಕ ಹಾಕಿದೆ. ಯಜಮಾನರಿಗೆ ಹೇಳಿದರೆ ನಾಳೆ ನನ್ನ ಸೂಪರ್‌ವೈಸರಿಗೆ ಗೊತ್ತಾಗುತ್ತದೆ. ಅಳತೆಗೆ ಕೂರದ ಭಾಗ ಕೈಯಲ್ಲಿಟ್ಟುಕೊಂಡು ಆಯ್ತು ಎಂದವನನ್ನು ಅಳತೆ ನೋಡುವ ಮೇಜಿನಲ್ಲಿ ಯಾರು ಕೂರಿಸುತ್ತಾರೆ? ಖಾಯಂ ಆದ ಮೇಲೆ ಹೇಳೋಣ ಎಂದುಕೊಂಡೆ. ಚಾಚಾನ ಬಾಗಿಲಿಗೆ ಶೆಡ್ಡಿನಿಂದ ಯಾರೂ ಬರಲಿಲ್ಲ. ಅವರೇ ಒಂದು ಸಲ ಹೋಗಿ ಬಂದರು. ಆಟೋ ಖಾಲಿ ಇತ್ತು.

ಮೊದಲ ಒಂದು ತಿಂಗಳು ನಾನು ಕೆಲಸದಿಂದ ಬರುವ ಹೊತ್ತಿಗೆ ಅವರು ಜಗಲಿಯ ಮೇಲೆ ಕೂತಿರುತ್ತಿದ್ದರು. ಕೇಳುತ್ತಿರಲಿಲ್ಲ. ಬರೀ ನನ್ನ ಮುಖ ನೋಡುತ್ತಿದ್ದರು. ನಾನು ಹಿತ್ತಿಲ ಬಾಗಿಲಿನಿಂದ ಬರಲು ಶುರು ಮಾಡಿದೆ. ಆಮೇಲೆ ಅವರು ಜಗಲಿಗೆ ಬರುವುದನ್ನು ಬಿಟ್ಟರು. ಯಂತ್ರದ ಸದ್ದು ದಿನಕ್ಕೆ ಒಂದು ಗಂಟೆಗೆ ಇಳಿಯಿತು, ಆಮೇಲೆ ವಾರಕ್ಕೊಂದು ಸಲ... ಗೋಡೆಯಾಚೆಯ ಆ ಮೌನ ಎಂಥದೆಂದು ನನಗೊಬ್ಬನಿಗೇ ಗೊತ್ತು. ನಾನು ಖಾಯಂ ಆದೆ. ಅಮ್ಮ ಅವರ ಮನೆಗೂ ಸಿಹಿ ಕೊಟ್ಟು ಬಂದಳು. ಅದಾದ ಕೆಲವೇ ದಿನಕ್ಕೆ ಚಾಚಾ ಯಂತ್ರ ಮಾರಿ, ಕನಕಪುರದಲ್ಲಿದ್ದ ಮಗಳ ಮನೆಗೆ ಹೊರಟರು. ಸಾಮಾನು ತುಂಬಿದ ಆಟೋ ಹತ್ತುವಾಗ, "ಬತ್ತೀನಿ ಮಗ, ಗಾಡಿ ನೋಡ್ಕಂಡ್ ಓಡ್ಸು," ಎಂದರು. ಕೈಯಲ್ಲಿ ಸುತ್ತಿದ ತಂತಿ, ಅದರ ತುಂಬ ಮಾದರಿಗಳು. ಅಪ್ಪನ ಗಾಡಿಯನ್ನು ನಾನು ಆಗಲೇ ಗುಜರಿಗೆ ಹಾಕಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ವಿಭಾಗದ ಮೇಲ್ವಿಚಾರಕ. ಆ ದಿನ ಯಾವುದೋ ಆಡಿಟ್ ಇತ್ತು. ಹೋಗಲಿಲ್ಲ. ಆಡಿಟ್ ಇಲ್ಲದಿದ್ದರೂ ಹೋಗುತ್ತಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಭಾವ ಇವತ್ತಿಗೂ ಕಾಲೆಳೆದುಕೊಂಡು ನಡೆಯುತ್ತಾರೆ. ಮದುವೆ ಮುಂಜಿಗಳಲ್ಲಿ ನೆಂಟರಿಗೆ, ಚನ್ನಪಟ್ಟಣದ ಬೊಂಬೆಯ ಮೇಲೆ ಸವಾರಿ ಮಾಡಿದವನು ನಾನೊಬ್ಬನೇ ಎಂದು ಕಥೆ ಹೇಳಿ ನಗಿಸುತ್ತಾರೆ. ಎಷ್ಟೋ ಸಲ ಅವರ ಜೊತೆ ನಾನೂ ನಕ್ಕಿದ್ದೇನೆ. ಇದನ್ನು ಅವರೇ ಓದಲಿ ಎಂದು ಮೊದಲು ಅವರಿಗೇ ಕೊಡುತ್ತೇನೆ.

ಅಂಚೆ ಕಚೇರಿಯಿಂದ ಮನೆಗೆ ಬಂದವನು ಅಟ್ಟದ ಮೇಲಿದ್ದ ತಗಡಿನ ಡಬ್ಬ ಇಳಿಸಿದೆ. ನಜ್ಜಾದ ಮರದ ಬುಷ್ ಇತ್ತು. ಹೆಬ್ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದೆ. ಅರಗು ಇನ್ನೂ ಅದೇ ವಾಸನೆ. ಮಾರನೆಯ ಬೆಳಿಗ್ಗೆ ಕನಕಪುರದ ಬಸ್ಸು ಹತ್ತಿದೆ.

ಚಾಚಾನ ಮಗಳು ಗುರುತು ಹಿಡಿದಳು. ಅವಳ ತಲೆಗೂದಲೂ ನೆರೆತಿತ್ತು. ಚಹಾ ತಂದುಕೊಟ್ಟಳು. ಲೋಟಕ್ಕೆ ಯಾವ ವಾಸನೆಯೂ ಇರಲಿಲ್ಲ. ಕಿಟಕಿಯ ಮೇಲೆ, ಈ ಮೂಲೆಯಿಂದ ಆ ಮೂಲೆಗೆ, ತಂತಿ ಕಟ್ಟಿತ್ತು. ಮಾದರಿಗಳು ಜೋಡಿ ಜೋಡಿಯಾಗಿ ಸಾಲಾಗಿದ್ದವು. ಒಂದು ಕಡೆ ಮಾತ್ರ ಒಂಟಿ ಬುಷ್, ಪಕ್ಕದಲ್ಲಿ ಒಂದು ಬೆರಳಿನಷ್ಟು ಖಾಲಿ ಜಾಗ.

ನಾನು ನೋಡುತ್ತಿದ್ದುದನ್ನು ಕಂಡು ಅವಳೇ ಹೇಳಿದಳು. "ಅದೊಂದ್ ಕಮ್ಮಿ ಐತಣ್ಣ. ಧೂಳು ಒರೆಸುವಾಗ ಸರಿಸ್ಬುಟ್ರೆ ನಮ್ ಅಬ್ಬಾ ಬೈಯೋರು. ಆ ಜಾಗ ಬುಡು, ಅದು ಬತ್ತದೆ ಅನ್ನೋರು."

ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅರದಿಂದ ಹಿಡಿದು ಶೆಡ್ಡಿನ ಗೇಟಿನವರೆಗೆ ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿದ ಮೇಲೆ ಬೈಯುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ. ಅವಳು ಸ್ಟೂಲು ಹತ್ತಿ, ತಂತಿಯ ಒಂದು ತುದಿ ಬಿಚ್ಚಿ, ಅದುವರೆಗಿನ ಮಾದರಿಗಳನ್ನು ಒಂದೊಂದಾಗಿ ಹೊರತೆಗೆದು, ಆ ನಜ್ಜಾದ ಮರವನ್ನು ಅದರ ಜಾಗಕ್ಕೆ ಪೋಣಿಸಿದಳು. ಮತ್ತೆ ಎಲ್ಲವನ್ನೂ ಕ್ರಮವಾಗಿ ಸೇರಿಸಿ ತುದಿ ಕಟ್ಟಿದಳು. ಕೆಳಗಿಳಿದು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಕನಕಪುರ ಅಷ್ಟೇನ್ ದೂರ ಇಲ್ಲ ಅಲ್ವಾ ಅಣ್ಣ," ಎಂದಳು. "ಬಸ್ಸು ಐತೆ."

ಹೌದು. ಬಸ್ಸು ಆಗಲೂ ಇತ್ತು.